ಎಲ್ಲರೂ ಓದಿದ ಪುಟ

"ಅಪ್ಪನ ಸಹಿ ಬೇಕು," ಎಂದರು ಉತ್ತಯ್ಯ, ಆ ಬೆಳಿಗ್ಗೆ ಮೂರನೆಯ ಸಲ.

ಕೌಂಟರಿನ ಈಚೆ ನಿಂತಿದ್ದ ಅಶ್ವಿತಾ ಎಂಎಸ್ಸಿ ಕೊನೆಯ ಸೆಮಿಸ್ಟರಿನ ಹುಡುಗಿ. ಓಟು ಹಾಕುತ್ತಾಳೆ, ಜೀಪು ಓಡಿಸುತ್ತಾಳೆ, ದುಬಾರೆಯ ಶಿಬಿರದಲ್ಲಿ ಮಾವುತರ ಹಿಂದೆ ತಿರುಗಿ ಆನೆಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳೆ. ಆನೆಯ ಹತ್ತಿರ ಹೋಗುವಾಗ ಯಾರೂ ಅವಳಿಗೆ ಅಪ್ಪನ ಸಹಿ ಕೇಳಿರಲಿಲ್ಲ. ಈ ಕಾಲೇಜಿನಲ್ಲಿ ತನ್ನದೇ ಕಡತ ನೋಡಬೇಕೆಂದರೆ ಅದು ಬೇಕು.

"ಸಾರ್, ನನ್ನ ಟಿಸಿಗೆ ಅರ್ಜಿ ಹಾಕಿದ್ದೇ ಅಪ್ಪ. ಅವರತ್ರ ಸಹಿ ಹೇಗೆ ಕೇಳೋದು?"

"ಅದು ನಿಮ್ಮ ಮನೆ ವಿಷಯ ಅಲ್ವಾ," ಎಂದು ಕಚೇರಿ ಅಧೀಕ್ಷಕ ಉತ್ತಯ್ಯ ಕನ್ನಡಕ ತೆಗೆದು ಒರೆಸತೊಡಗಿದರು. ಕೆಟ್ಟ ಮನುಷ್ಯನಲ್ಲ. ಬಂದವರಿಗೆ ಕುರ್ಚಿ ಕೊಡುತ್ತಾರೆ, ಕಾಫಿ ತರಿಸುತ್ತಾರೆ, ಕೆಲಸ ಮಾತ್ರ ಮಾಡಿಕೊಡುವುದಿಲ್ಲ.

ನಾನು ಆ ಕುರ್ಚಿಯಲ್ಲಿ ಕುಳಿತು ಹಲ್ಲು ಕಡಿಯುತ್ತಿದ್ದೆ. ಕುಶಾಲನಗರದಲ್ಲಿ ನನ್ನದೊಂದು ಬೋರ್ಡು ಇದೆ: ದಿವ್ಯಶ್ರೀ, ವಕೀಲರು. ಕೋರ್ಟಿಗೆ ಹೋಗಲು ಮನಸ್ಸಿಲ್ಲದ, ಆದರೆ ಸತ್ಯ ತಿಳಿಯದೆ ನಿದ್ದೆ ಬಾರದ ಜನ ಅದರ ಕೆಳಗೆ ಬಂದು ನಿಲ್ಲುತ್ತಾರೆ. ಹಾಗೆ ಬಂದವಳೇ ಅಶ್ವಿತಾ.

ಭಾನುವಾರ ಸಂಜೆ ಅವಳ ಕಾಲೇಜು ಕಡತದ ಒಂದು ಪುಟದ ಫೋಟೋ ಅವರ ಕುಟುಂಬದ ವಾಟ್ಸಾಪ್ ಗುಂಪಿಗೆ ಬಿದ್ದಿತ್ತು. ಯಾರೋ ಗುರುತಿಲ್ಲದ ನಂಬರಿನಿಂದ, ಗುಂಪಿನ ಲಿಂಕ್ ಹಿಡಿದು ಸೇರಿದರು, ಫೋಟೋ ಹಾಕಿದರು, ಹೊರಟು ಹೋದರು. ಸೋಮವಾರ ಅಶ್ವಿತಾಳ ಅಪ್ಪ ನಾಣಯ್ಯ ಕಾಲೇಜಿಗೆ ಬಂದು ಮಗಳ ಟಿಸಿಗೆ ಅರ್ಜಿ ಕೊಟ್ಟರು. ನಾಳೆ ಮಧ್ಯಾಹ್ನ ಟಿಸಿ ಕೈಗೆ ಬರುತ್ತದೆ. ಅಲ್ಲಿಗೆ ಅವಳ ಓದು ಮುಗಿಯಿತು.

ಫೋಟೋದಲ್ಲಿ ಇದ್ದದ್ದು ಅವಳ ಹೆಸರು, ಚಿತ್ರ, ‘ಮಾನಸಿಕ ಚಿಕಿತ್ಸೆಗಾಗಿ ಒಂದು ಸೆಮಿಸ್ಟರ್ ರಜೆ’ ಎಂಬ ಸಾಲು, ಮೈಸೂರಿನ ಒಂದು ಆಸ್ಪತ್ರೆಯ ಹೆಸರು. ಅದರ ಕೆಳಗೆ ಇನ್ನೂ ಏನೋ ಬರೆದಿತ್ತು, ಆದರೆ ಫೋಟೋವನ್ನು ಅಲ್ಲಿಗೇ ಕತ್ತರಿಸಿದ್ದರು. ಆ ಸೆಮಿಸ್ಟರ್ ಅವಳು ದುಬಾರೆಯಲ್ಲಿ ಆನೆ ನೋಡುತ್ತಿದ್ದಾಳೆ ಎಂದು ಮನೆಯವರು ನಂಬಿದ್ದರು.

ಪ್ರಾಂಶುಪಾಲರು ಒಂದೇ ಒಂದು ದಾರಿ ಬಿಟ್ಟಿದ್ದರು. ದಾಖಲೆಯಲ್ಲಿ ತಪ್ಪಿದ್ದರೆ ತೋರಿಸಿ, ಟಿಸಿ ತಡೆಯುತ್ತೇನೆ. ತಪ್ಪಿಲ್ಲದಿದ್ದರೆ ಪೋಷಕರ ಮಾತು ನಡೆಯುತ್ತದೆ ಎಂದಿದ್ದರು. ತಪ್ಪಿದೆಯೋ ಇಲ್ಲವೋ ಎಂದು ನೋಡಲು ಕಡತ ಬೇಕು. ಕಡತಕ್ಕೆ ಅಪ್ಪನ ಸಹಿ ಬೇಕು. ಅಪ್ಪ ಮಗಳ ಫೋನೇ ಎತ್ತುತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರೂ ಪೂಜಾರಿಯೂ ಸೇರಿ ಆಡಿಸುತ್ತಿದ್ದರು.

"ಹೋಗಲಿ ಬಿಡಿ, ಕಡತ ತೋರಿಸಬೇಡಿ," ಎಂದೆ ನಾನು. "ಅದನ್ನ ಯಾರ್ಯಾರು ತೆಗೆದು ನೋಡಿದಾರೆ ಅಷ್ಟು ಹೇಳಿ. ನಿಮ್ಮ ಕಂಪ್ಯೂಟರಲ್ಲಿ ಅದು ಬರ್ತದಲ್ಲ."

"ಬರ್ತದೆ ಮೇಡಂ. ಹೇಳೋ ಹಾಗಿಲ್ಲ."

"ಯಾಕೆ?"

"ವಿದ್ಯಾರ್ಥಿಗಳ ಖಾಸಗಿತನ."

ನಾನು ಅಶ್ವಿತಾಳನ್ನು ನೋಡಿದೆ. ಅವಳು ಉತ್ತಯ್ಯನವರನ್ನು ನೋಡುತ್ತಿದ್ದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಕೇಳಿದ್ದೇನೆ. ಆ ಬಾಗಿಲಿನ ಹೊರಗೆ ಮನೆಯವಳನ್ನೇ ನಿಲ್ಲಿಸಿದ್ದನ್ನು ಇವತ್ತು ಕಂಡೆ. ನನಗೆ ಸಿಟ್ಟು ನೆತ್ತಿಗೇರಿತು. ಮಾಹಿತಿ ರಕ್ಷಣೆಗೆ ಹೊಸ ಕಾನೂನೇ ಬಂದಿದೆ, ವಯಸ್ಸಿಗೆ ಬಂದವರ ವಿಷಯಕ್ಕೆ ಅವರ ಒಪ್ಪಿಗೆ ಬೇಕು, ಅಪ್ಪಂದಿರದಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅದು ಪೂರ್ತಿ ಜಾರಿಗೆ ಬಂದಾಗ ಸುತ್ತೋಲೆ ಬರುತ್ತದೆ, ಸುತ್ತೋಲೆ ಬಂದಾಗ ನೋಡೋಣ ಎಂದು ಉತ್ತಯ್ಯ ಸಮಾಧಾನ ಹೇಳಿ, ಕಾಫಿ ಆರುತ್ತಿದೆ ಎಂದು ನೆನಪಿಸಿದರು.

ನಾನು ಕಾಫಿ ಕುಡಿಯಲಿಲ್ಲ.

ಕಾಲೇಜಿನ ಗೇಟಿನ ಹೊರಗೆ, ಕಾರಿನಲ್ಲಿ ಕುಳಿತು ನಾವಿಬ್ಬರೂ ಆ ಫೋಟೋವನ್ನು ಮತ್ತೆ ತೆರೆದೆವು. ಅದನ್ನು ನೋಡಲು ಅಶ್ವಿತಾ ನನಗೆ ಅಪ್ಪಣೆ ಕೊಟ್ಟಿದ್ದಳು. ಜೊತೆಗೆ ಒಂದು ಷರತ್ತನ್ನೂ ಹಾಕಿದ್ದಳು. ಫೋಟೋದಲ್ಲಿ ಇರುವಷ್ಟೇ ನೀವು ನೋಡಬಹುದು, ಕಡತ ಎಲ್ಲಾದರೂ ಸಿಕ್ಕಿದರೂ ನಾನು ಓದುವ ಮೊದಲು ನೀವು ಓದಬಾರದು ಎಂದಿದ್ದಳು. ನಾನು ಒಪ್ಪಿದ್ದೆ.

ಒಂದು ವಿಷಯ ಮೊದಲ ದಿನದಿಂದ ನನ್ನ ತಲೆ ತಿನ್ನುತ್ತಿತ್ತು. ಆವತ್ತೇ ನಾನು ನಾಣಯ್ಯನವರಿಗೆ ಫೋನು ಮಾಡಿದ್ದೆ. ಮಗಳು ಕಾಯಿಲೆ ಬಿದ್ದದ್ದನ್ನು ಮುಚ್ಚಿಟ್ಟಳು ಎಂದು ಓದನ್ನೇ ಬಿಡಿಸುವುದೇ ಎಂದು ಕೇಳಿದೆ. ಅವರು, "ಆಸ್ಪತ್ರೆ ವಿಷಯ ಅಲ್ಲ ಮೇಡಂ. ಅವಳನ್ನೇ ಕೇಳಿ," ಎಂದು ಫೋನಿಟ್ಟರು. ಅವಳನ್ನು ಕೇಳಿದರೆ ಅವಳಿಗೂ ತಿಳಿಯದು. ಅವ್ವ ಪೊನ್ನಮ್ಮ ಫೋನಿನಲ್ಲಿ ಅಳುತ್ತಾರೆಯೇ ಹೊರತು ಬಾಯಿ ಬಿಡುವುದಿಲ್ಲವಂತೆ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿ ಪೂಜಿತಾ ಜ್ವರವೆಂದು ಊರಿಗೆ ಹೋದವಳು ತಿರುಗಿ ಬಂದಿಲ್ಲ. ಈ ಒಂದು ವಾರ ಅಶ್ವಿತಾ ಒಬ್ಬಳೇ ಇದ್ದಳು.

"ಇದು ಕಂಪ್ಯೂಟರಿನ ಪರದೆಯನ್ನ ಮೊಬೈಲಲ್ಲಿ ತೆಗೆದ ಫೋಟೋ," ಎಂದೆ. "ಪರದೆಯ ಮೇಲಿನ ಮೂಲೇಲಿ ಕೆಂಪಗೆ ಏನೋ ಇದೆ, ನೋಡು."

ದೊಡ್ಡದು ಮಾಡಿದೆ. ಬಾಡಿದ ಹೂವಿನ ಎಸಳು. ತುದಿ ಕೆಂಪು, ಬುಡ ಹಳದಿ.

ನಮ್ಮ ಕುಶಾಲನಗರದ ಕಡೆ ಹಾಸನದಿಂದ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಆಯುಧಪೂಜೆಗೆ ಕುಂಕುಮ ಹಚ್ಚುತ್ತೇವೆ, ಚೆಂಡುಹೂ ಕಟ್ಟುತ್ತೇವೆ. ಅದಕ್ಕಿನ್ನೂ ತಿಂಗಳಿದೆ. ಈ ಹೂವು ಬೇರೆ. ಕೊಡಗಿನ ಆಯುಧಹಬ್ಬ ಕೈಲ್ ಮುಹೂರ್ತದ ದಿನ ಇಲ್ಲಿಯವರು ಕೋವಿಯ ಬಾಯಿಗೆ ಸಿಕ್ಕಿಸುವ ಹೂವು, ಕೊಡವರು ತೋಕ್ ಪೂ ಎನ್ನುವುದು ಇದಕ್ಕೇ. ಕೈಲ್ ಮುಹೂರ್ತ ಮುಗಿದು ಇನ್ನೂ ಹೆಚ್ಚು ದಿನವಾಗಿಲ್ಲ. ಕೋವಿಗೆ ಇಡುತ್ತಾರೆ, ಕತ್ತಿಗೆ ಇಡುತ್ತಾರೆ. ಕಂಪ್ಯೂಟರಿಗೆ ಇಟ್ಟವರನ್ನು ನಾನು ಕಂಡಿರಲಿಲ್ಲ.

"ಕಾಲೇಜಲ್ಲಿ ಯಾರಾದ್ರೂ ಇಡ್ತಾರಾ?"

"ಇಲ್ಲ," ಎಂದಳು ಅಶ್ವಿತಾ. ಆಮೇಲೆ ಅವಳ ಮುಖ ನಿಧಾನವಾಗಿ ಬದಲಾಯಿತು. "ತೀರ್ಥ ಮಾಸ್ಟ್ರು ಇಡ್ತಾರೆ. ಶಾಲೇಲಿದ್ದಾಗ ಸೀಮೆಸುಣ್ಣದ ಡಬ್ಬಕ್ಕೆ ಇಡ್ತಿದ್ರು. ನಮ್ಮ ಕೋವಿ ಇದೇ ಮಕ್ಕಳೇ ಅಂತಿದ್ರು."

ನಿವೃತ್ತ ಹೆಡ್‌ಮಾಸ್ಟರ್ ತೀರ್ಥಪ್ರಸಾದ್ ಈಗ ಚೇರಂಬಾಣೆಯಲ್ಲಿ ನಾಡ ವಿದ್ಯಾಕೂಟದ ಕಾರ್ಯದರ್ಶಿ. ಸುತ್ತಿನ ಅರೆಭಾಷೆ ಗೌಡ ಮನೆತನಗಳು ಸೇರಿ ಕಟ್ಟಿದ ಕೂಟ ಅದು. ಚೆನ್ನಾಗಿ ಓದಿದ ಮಕ್ಕಳಿಗೆ ಪ್ರತಿ ವರ್ಷ ಪುರಸ್ಕಾರ ಕೊಡುತ್ತದೆ. ಈ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಚಾವಣಿ ಹಾಕಿಸಿಕೊಟ್ಟದ್ದೂ ಅದೇ ಕೂಟ. ಆದರೆ ಕಾಲೇಜಿನ ಕಡತ ಚೇರಂಬಾಣೆಯ ಕಂಪ್ಯೂಟರಿಗೆ ಹೋದದ್ದು ಹೇಗೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಭಾಗಮಂಡಲದ ದಾರಿ ಹಿಡಿದೆವು. ಆ ದಾರಿಯ ಹೊಂಡಗಳ ಬಗ್ಗೆ ಬರೆದರೆ ಈ ಕಥೆ ಅಲ್ಲಿಗೇ ಮುಗಿಯುತ್ತದೆ. ಚೇರಂಬಾಣೆ ತಲುಪಿದ ಮೇಲೆ, ಮೊದಲು ನೀವೇ ಹೋಗಿ, ಮಾಸ್ಟ್ರ ಮುಖ ನೋಡಲು ನನಗೆ ಆಗುವುದಿಲ್ಲ ಎಂದು ಅಶ್ವಿತಾ ಕಾರಿನಲ್ಲೇ ಉಳಿದಳು.

ವಿದ್ಯಾಕೂಟ ಇರುವುದು ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ. ಪುರಸ್ಕಾರಕ್ಕೆ ತಂದ ಹಿತ್ತಾಳೆಯ ಬಟ್ಟಲುಗಳನ್ನು ಮೇಜಿನ ಮೇಲೆ ಹರಡಿಕೊಂಡು ಇಬ್ಬರು ಒರೆಸುತ್ತಿದ್ದರು. ಒಬ್ಬರು ತೀರ್ಥಪ್ರಸಾದ್. ಇನ್ನೊಬ್ಬರನ್ನು ಅವರೇ ಪರಿಚಯಿಸಿದರು: ಸಮಿತಿಯ ಸದಸ್ಯ ಮೊಣ್ಣಪ್ಪ, ಕಾಫಿ ಬೆಳೆಗಾರರು, ಅಶ್ವಿತಾಳ ಗೆಳತಿ ಪೂಜಿತಾಳ ಅಪ್ಪ. ಗೋಡೆಯ ಬದಿಗೆ ಕಂಪ್ಯೂಟರ್ ಇತ್ತು. ಅದರ ಮೂಲೆಯಲ್ಲಿ ಬಾಡಿದ ಕೋವಿ ಹೂವು ಹಾಗೇ ಇತ್ತು.

ನಾನು ಸುತ್ತುಬಳಸದೆ ಫೋಟೋ ಎದುರಿಗೆ ಹಿಡಿದೆ. ಅವರು ನಿರಾಕರಿಸುತ್ತಾರೆ, ತಡವರಿಸುತ್ತಾರೆ, ನಾನು ಹೂವನ್ನು ತೋರಿಸುತ್ತೇನೆ ಎಂದೆಲ್ಲ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

"ಹೌದು, ನಮ್ಮ ಕಂಪ್ಯೂಟರೇ," ಎಂದರು ಮಾಸ್ಟ್ರು. "ಫೋಟೋ ಯಾರು ತೆಗೆದರೋ ಗೊತ್ತಿಲ್ಲ. ಅದು ತಪ್ಪು. ಪುಟ ತೆಗೆಸಿ ಓದಿದ್ದು ಮಾತ್ರ ನಾನೇ."

ಕುಳಿತುಕೊಳ್ಳಿ ಎಂದು ಹೇಳಿ ಅವರು ಎಲ್ಲವನ್ನೂ ವಿವರಿಸಿದರು. ಪುರಸ್ಕಾರಕ್ಕೆ ಮಕ್ಕಳು ಸರ್ಟಿಫಿಕೇಟು ಹಿಡಿದು ಅಲೆಯಬಾರದೆಂದು ಕಾಲೇಜಿನವರೇ ಕೂಟಕ್ಕೆ ಒಂದು ಪಾಸ್‌ವರ್ಡ್ ಕೊಟ್ಟಿದ್ದಾರೆ. ತಮ್ಮ ಮಕ್ಕಳ ಅಂಕ ಕೂಟದವರೇ ನೋಡಿಕೊಳ್ಳಲಿ ಎಂದು. ಅಂಕದ ಜೊತೆ ಹಾಜರಿ, ರಜೆ, ಕಾಲೇಜಿನ ಆಪ್ತ ಸಲಹೆಗಾರ್ತಿ ಬರೆದದ್ದು, ಎಲ್ಲವೂ ಅದರಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ಕೊಟ್ಟವರೂ ನೋಡಲಿಲ್ಲ, ಪಡೆದವರೂ ಬೇಡವೆನ್ನಲಿಲ್ಲ. ಕೂಟದಲ್ಲಿ ಹಿಂದಿನಿಂದ ಬಂದ ಕ್ರಮವೊಂದಿದೆ. ಸಮಿತಿಯ ದಿನ ಪ್ರತಿಯೊಂದು ಮಗುವಿನ ಅಂಕವನ್ನು ಎಲ್ಲರ ಎದುರಿಗೆ ಗಟ್ಟಿಯಾಗಿ ಓದುತ್ತಾರೆ. ಯಾರ ಮಕ್ಕಳ ಮಾತು ಬರುತ್ತದೋ ಆ ಸದಸ್ಯರು ಎದ್ದು ಜಗಲಿಗೆ ಹೋಗಬೇಕು. ಪಕ್ಷಪಾತ ಎಂದು ಯಾರೂ ಬೆರಳು ತೋರಿಸಬಾರದಲ್ಲ.

ಈ ಭಾನುವಾರ ಅಂಕದಲ್ಲಿ ಅಶ್ವಿತಾ ಮೊದಲು ಬಂದಳು, ಪೂಜಿತಾ ಎರಡನೆಯವಳು. ಮೊಣ್ಣಪ್ಪ ಕ್ರಮದಂತೆ ಎದ್ದು ಹೊರಗೆ ಹೋದರು. ಆಗ ಒಬ್ಬರು ಎದ್ದು, ಓದು ನಡುವೆ ನಿಲ್ಲಿಸಿದವರಿಗೆ ಪುರಸ್ಕಾರ ಇಲ್ಲವೆಂದು ನಿಯಮವಿದೆ, ಅಶ್ವಿತಾ ಒಂದು ಸೆಮಿಸ್ಟರ್ ಬಿಟ್ಟಿದ್ದಾಳೆ ಎಂದರು. ಮಾಸ್ಟ್ರಿಗೆ ಹುಡುಗಿಯ ಮೇಲೆ ಪ್ರೀತಿ. ಕಾರಣ ಸರಿಯಾಗಿದ್ದರೆ ಬಿಡಬಾರದು ಎಂದು ಅವರೇ ವಾದಿಸಿದರು. ಕಾರಣ ಏನೆಂದು ನೋಡಲು ಪುಟ ತೆಗೆಸಿದರು. ಕ್ರಮದಂತೆ ಗಟ್ಟಿಯಾಗಿ ಓದಿದರು.

ಒಬ್ಬ ಹುಡುಗಿಗೆ ಅನ್ಯಾಯ ಆಗಬಾರದೆಂದು ಅವಳ ಒಡಲಿನ ಗುಟ್ಟನ್ನು ಕೋಣೆ ತುಂಬ ಕುಳಿತ ಹಿರಿಯರಿಗೆ ಓದಿ ಹೇಳಿದ್ದರು. ಅದೂ ಬಟ್ಟಲು ಕೊಡುವುದಕ್ಕೆ.

"ಮಾಸ್ಟ್ರೇ, ಅವಳನ್ನ ಒಂದು ಮಾತು ಕೇಳಬೋದಿತ್ತಲ್ಲ."

"ಯಾಕೆ ಕೇಳ್ಬೇಕು? ನಾನು ಅಕ್ಷರ ಕಲಿಸಿದ ಮಕ್ಕಳು. ಅವರ ಮಾರ್ಕು ಅವರ ಅಪ್ಪಂದಿರಿಗಿಂತ ಮೊದ್ಲು ನಾನು ನೋಡ್ತಿದ್ದೆ. ಈಗ ಅವರದ್ದು ಪ್ರೈವೆಟ್ ಅಂತ ನೀವು ಕುಶಾಲನಗರದಿಂದ ಬಂದು ಹೇಳ್ತೀರಾ?"

"ಮಾರ್ಕು ಬೇರೆ, ಕಾಯಿಲೆ ಬೇರೆ."

"ಕಾಯಿಲೆ ಓದಿ ನಮ್ಗೆ ಅಯ್ಯೋ ಅನಿಸ್ತು. ಪುರಸ್ಕಾರ ಕೊಡುವ ಅಂತಲೇ ಎಲ್ಲ ಹೇಳಿದ್ರು. ಅದ್ರ ಕೆಳಗೆ ಬರೆದದ್ದು ಓದಿದ ಮೇಲೆ ಯಾರೂ ಮಾತಾಡಲಿಲ್ಲ. ನಾಣಯ್ಯಂಗೆ ನಾನೇ ಹೋಗಿ ಹೇಳಿದೆ. ಅಪ್ಪಂಗೆ ಹೇಳದೆ ಇರೋಕೆ ಆಗ್ತದಾ?"

ನಾಣಯ್ಯನವರ ಮೌನಕ್ಕೆ ಕಾರಣ ಇಲ್ಲೇ ಇತ್ತು. ಫೋಟೋದಲ್ಲಿ ಇಲ್ಲದ್ದು, ಕತ್ತರಿಸಿದ ಜಾಗದ ಕೆಳಗಿನದ್ದು. ಊರಿನ ಹಿರಿಯರಿಗೆ ಗೊತ್ತು, ಅಪ್ಪನಿಗೆ ಗೊತ್ತು, ಅವ್ವನಿಗೆ ಗೊತ್ತು. ಗೊತ್ತಿಲ್ಲದವಳು ಗೊಬ್ಬರದಂಗಡಿಯ ಮುಂದೆ ಕಾರಿನಲ್ಲಿ ಕುಳಿತಿದ್ದಳು.

ನಾನು ಏನು ಬರೆದಿತ್ತು ಎಂದು ಕೇಳುವ ಮೊದಲೇ ಮಾಸ್ಟ್ರು ಎದ್ದು ಕಂಪ್ಯೂಟರ್ ಹಾಕಿದರು. ಪಾಸ್‌ವರ್ಡ್ ಇನ್ನೂ ಜೀವಂತವಾಗಿತ್ತು. ಇಷ್ಟೆಲ್ಲ ಆದ ಮೇಲೂ ಕಾಲೇಜಿನವರು ಅದನ್ನು ನಿಲ್ಲಿಸಿರಲಿಲ್ಲ. ಪುಟ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನೀವೇ ಓದಿ."

ನಾಲ್ಕು ದಿನದಿಂದ ನಾನು ಬೆನ್ನಟ್ಟಿದ್ದು ಕೈಗೆಟುಕುವಷ್ಟು ಹತ್ತಿರವಿತ್ತು. ಓದಿದ್ದರೆ ಅಶ್ವಿತಾಳಿಗೆ ಗೊತ್ತಾಗುತ್ತಿರಲಿಲ್ಲ. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಕುರ್ಚಿ ತಿರುಗಿಸಿ ಗೋಡೆಯ ಮೇಲಿದ್ದ ಗೊಬ್ಬರದ ಕಂಪೆನಿಯ ಕ್ಯಾಲೆಂಡರ್ ನೋಡುತ್ತ ಕುಳಿತೆ.

ಮಾಸ್ಟ್ರಿಗೆ ಅವಮಾನವಾದಂತೆ ಕಂಡಿತು. ಇಡೀ ಸಭೆ ಓದಿದ್ದನ್ನು ನೀವು ಓದದೆ ಏನು ಪತ್ತೆ ಮಾಡುತ್ತೀರಿ ಎಂದು ಕೇಳಿದರು. ಓದಲು ಅವಳ ಅಪ್ಪಣೆ ಇಲ್ಲ ಎಂದೆ. ಮೊಣ್ಣಪ್ಪ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಬಟ್ಟಲು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಅಶ್ವಿತಾಳಿಗೆ ಫೋನು ಮಾಡಿ ಮೇಲೆ ಬಾ ಎಂದೆ.

ಅವಳು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಇಷ್ಟಾದರೂ ಮಾಸ್ಟ್ರ ಕಾಲು ಮುಟ್ಟಿ ನಮಸ್ಕರಿಸಿದಳು.

"ಬಾ ಗೂಡೆ, ಕೂತ್ಕ," ಎಂದರು ಮಾಸ್ಟ್ರು. ಗೂಡೆ ಎಂದರೆ ಅವರ ಮಾತಿನಲ್ಲಿ ಹುಡುಗಿ. ಹಾಗೆ ಕರೆಯುವಾಗ ಅವರ ದನಿ ಒಡೆದಿತ್ತು.

ಅಶ್ವಿತಾ ಕುಳಿತಳು. ತನ್ನ ಕಡತವನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು. ಕಾಲೇಜಿನಲ್ಲಿ ಅಪ್ಪನ ಸಹಿಯಿಲ್ಲದೆ ತೋರಿಸದ್ದು ಗೊಬ್ಬರದಂಗಡಿಯ ಮೇಲೆ ಯಾರ ಸಹಿಯೂ ಇಲ್ಲದೆ ತೆರೆದಿತ್ತು. ನಾನು ಪರದೆ ನೋಡಲಿಲ್ಲ, ಅವಳ ಮುಖ ನೋಡಿದೆ. ಮೊದಲ ಸಾಲುಗಳಲ್ಲಿ ಆ ಮುಖ ಬಿಗಿಯಾಗಿತ್ತು. ಆಮೇಲೆ ಗೊಂದಲ ಬಂತು. ಒಮ್ಮೆ ಓದಿ, ಮತ್ತೆ ಮೇಲೆ ಹೋಗಿ ತನ್ನ ಹೆಸರು ಇದೆಯೇ ಎಂದು ನೋಡಿ, ಇನ್ನೊಮ್ಮೆ ಓದಿದಳು.

"ಆಸ್ಪತ್ರೆಗೆ ಹೋದ್ದು ನಿಜ," ಎಂದಳು. "ಅದರ ಕೆಳಗೆ ಇರೋದು ನಾನು ಹೇಳಿದ್ದಲ್ಲ."

"ಎಂತ ನೀನ್ ಹೇಳಿದ್ದಲ್ಲ?" ಎಂದರು ಮಾಸ್ಟ್ರು. "ಮೈಸೂರಲ್ಲಿ ಯಾರಿಗೂ ಹೇಳದೆ ರಿಜಿಸ್ಟರ್ ಮದುವೆ ಆಗಿಯುಟ್ಟು, ಮನೇಲಿ ಹೇಳೋಕೆ ಹೆದರಿಕೆ, ಅಂತ ಬರ್ದುಟ್ಟಲ್ಲ?"

ಅವರು ಅದನ್ನು ಮತ್ತೊಮ್ಮೆ ಗಟ್ಟಿಯಾಗಿಯೇ ಹೇಳಿದರು. ನಾನು ಕಣ್ಣು ಮುಚ್ಚಿಕೊಂಡೆ. ಈ ಮನುಷ್ಯನಿಗೆ ಮೆಲ್ಲನೆ ಹೇಳುವುದನ್ನು ಯಾರೂ ಕಲಿಸಿರಲಿಲ್ಲ.

"ನಂಗೆ ಮದುವೆ ಆಗಿಲ್ಲೆ ಮಾಸ್ಟ್ರೇ," ಎಂದಳು ಅಶ್ವಿತಾ.

ನನ್ನ ಎದೆ ಹಗುರವಾಯಿತು. ದಾಖಲೆಯಲ್ಲಿ ತಪ್ಪಿದೆ. ಪ್ರಾಂಶುಪಾಲರು ಕೇಳಿದ್ದು ಇದನ್ನೇ. ಇವತ್ತೇ ಬರೆದು ಕೊಟ್ಟರೆ ನಾಳೆ ಟಿಸಿ ನಿಲ್ಲುತ್ತದೆ. ನಾನು ಚೀಲದಿಂದ ಪೆನ್ನು ತೆಗೆದೆ. ಅಶ್ವಿತಾ ನನ್ನ ಮಣಿಕಟ್ಟು ಹಿಡಿದು ಜಗಲಿಗೆ ಕರೆದುಕೊಂಡು ಹೋದಳು. ಬಾಗಿಲನ್ನು ಹಿಂದಿನಿಂದ ಎಳೆದಳು.

"ಬರೀಬೇಡಿ."

"ಯಾಕೆ?"

"ಅದು ಪೂಜಿತಂದು."

ಕಳೆದ ವರ್ಷ ಇಬ್ಬರೂ ಒಂದೇ ದಿನ ಕಾಲೇಜಿನ ಆಪ್ತ ಸಲಹೆಗಾರ್ತಿ ಮೋಕ್ಷಿತಾರ ಬಳಿ ಹೋಗಿದ್ದರು. ಒಬ್ಬಳು ಒಳಗಿದ್ದಾಗ ಇನ್ನೊಬ್ಬಳು ಹೊರಗೆ ಬೆಂಚಿನ ಮೇಲೆ ಕಾದಿದ್ದಳು. ಆ ದಿನ ಅಲ್ಲಿಗೆ ಹೋದವರು ಅವರಿಬ್ಬರೇ. ಮದುವೆಯ ಗುಟ್ಟನ್ನು ಪೂಜಿತಾ ಆ ರಾತ್ರಿ ಹಾಸ್ಟೆಲಿನಲ್ಲಿ ಇವಳಿಗೂ ಹೇಳಿದ್ದಳು. ಮೋಕ್ಷಿತಾ ಗುತ್ತಿಗೆ ಮುಗಿದು ಬೇರೆ ಊರಿಗೆ ಹೋದ ಮೇಲೆ ಅವರು ಕೈಯಲ್ಲಿ ಬರೆದಿಟ್ಟದ್ದನ್ನು ಕಚೇರಿಯವರು ಕಂಪ್ಯೂಟರಿಗೆ ಏರಿಸಿದ್ದಾರೆ. ಇಬ್ಬರ ಮಾತೂ ಅಶ್ವಿತಾಳ ಹೆಸರಿನ ಕೆಳಗೆ ಕುಳಿತಿದೆ.

"ಪುಟದಲ್ಲಿ ತಾರೀಖು ಉಂಟು," ಎಂದಳು. "ನನ್ನದಲ್ಲ ಅಂತ ಬರೆದುಕೊಟ್ರೆ ಮತ್ತೆ ಯಾರದು ಅಂತ ಕೇಳ್ತಾರೆ. ಆ ದಿನ ಹೋದವರು ಇಬ್ಬರೇ."

ಅಲ್ಲೇ ಸಿಕ್ಕಿಕೊಂಡೆವು. ತಪ್ಪು ತೋರಿಸಿದರೆ ಟಿಸಿ ನಿಲ್ಲುತ್ತದೆ, ಆದರೆ ಗೆಳತಿಯ ಪುಟ ಊರೆಲ್ಲ ಓದುತ್ತದೆ. ಗೆಳತಿಯ ಅಪ್ಪ ಬಾಗಿಲಿನ ಆಚೆ ಬಟ್ಟಲು ಒರೆಸುತ್ತಿದ್ದಾರೆ. ನಾನು ಸಿಟ್ಟಿನಿಂದಲೇ ಹೇಳಿದೆ, ನಿನ್ನ ಜೀವನದ ಪ್ರಶ್ನೆ ಇದು, ಗೆಳತಿಗೆ ಫೋನು ಮಾಡಿ ಒಪ್ಪಿಗೆ ಕೇಳು, ಒಪ್ಪದಿದ್ದರೂ ಬರೆ ಎಂದು. ಅವಳು ಅಲ್ಲಾಡಲಿಲ್ಲ. ನನ್ನನ್ನು ಕೇಳದೆ ನನ್ನ ವಿಷಯ ಓದಿದ್ದಕ್ಕಲ್ಲವೇ ನಾವು ಇಲ್ಲಿಗೆ ಬಂದದ್ದು ಎಂದಳು. ಭಾನುವಾರದಿಂದ ಪೂಜಿತಾ ಫೋನು ಎತ್ತಿಲ್ಲ ಎಂದೂ ಆಗ ಹೇಳಿದಳು. ಜ್ವರ ಜೋರಿರಬೇಕು ಎಂದಳು.

ಫೋಟೋ ಕತ್ತರಿಸಿದ ಜಾಗವೇ ನನ್ನ ಕಣ್ಣ ಮುಂದೆ ಇತ್ತು. ಕೆಳಗಿನ ಸಾಲುಗಳನ್ನು ನೋಡಿದ ಕ್ಷಣವೇ ಅಶ್ವಿತಾ ಇದು ನನ್ನದಲ್ಲ ಎನ್ನುತ್ತಿದ್ದಳು. ಅದನ್ನು ಅವಳು ನೋಡದಂತೆ ಕತ್ತರಿಸಿದವರಿಗೆ ಅದು ಅವಳದ್ದಲ್ಲವೆಂದು ಮೊದಲೇ ಗೊತ್ತಿತ್ತು. ಮನೆಯವರ ಸಿಟ್ಟೆಲ್ಲ ಆಸ್ಪತ್ರೆಯ ವಿಷಯಕ್ಕೇ ಎಂದು ಅವಳು ನಂಬಬೇಕಿತ್ತು.

ಬಾಗಿಲು ತೆರೆಯಿತು. ಮೊಣ್ಣಪ್ಪ ಹೊರಗೆ ಬಂದರು. ದೊಡ್ಡ ಆಳು, ಕೈಯಲ್ಲಿ ಜೀಪಿನ ಕೀ ಹಿಡಿದಿದ್ದರು. ಅವರ ಕಣ್ಣು ಕೆಂಪಾಗಿತ್ತು.

"ಮಗಾ, ನಾವೆಲ್ಲ ಸೇರಿ ನಿಂಗೆ ಮಾಡಿದ್ದ್ ಅನ್ಯಾಯ," ಎಂದರು. "ನಾಳೆ ನಾನೇ ಕಾಲೇಜಿಗೆ ಬರ್ತೇನೆ. ನಿನ್ನ ಅಪ್ಪನ್ನೂ ಕರ್ಕೊಂಡು ಬರ್ತೇನೆ. ಆ ಪುಟ ಯಾರದ್ದು? ಆ ಗೂಡೆ ಯಾರ್, ಹೆಸರು ಹೇಳು. ಅವಳ ಅಪ್ಪನ ಮುಂದೆ ನಿಲ್ಲಿಸಿ ನಾನೇ ಕೇಳ್ತೇನೆ."

ಅಶ್ವಿತಾ ನೆಲ ನೋಡಿದಳು.

"ನಂಗೆ ಗೊತ್ತಿಲ್ಲೆ ಮಾವ."

"ಗೊತ್ತಿಲ್ಲದೆ ಇರ್ತದಾ? ಹಾಸ್ಟೆಲಲ್ಲಿ ನಿಮ್ಗೆ ತಿಳಿಯದ್ದು ಎಂತ ಉಟ್ಟು?" ಅವರು ಅಂಗಿಯ ಜೇಬಿನಿಂದ ಫೋನು ತೆಗೆದರು. "ನಿಂಗೆ ಸಂಕೋಚ ಆದ್ರೆ ಬೇಡ. ನಮ್ಮ ಪೂಜಿತನ ಕೇಳುವ. ಅವಳಿಗೆ ಗೊತ್ತಿರ್ತದೆ. ಭಾನುವಾರ ಮಾಸ್ಟ್ರಿಗೆ ಕಂಪ್ಯೂಟರ್ ತೆಗೆದುಕೊಟ್ಟದ್ದೂ ಅವಳೇ ಅಲ್ವಾ."

ಅಶ್ವಿತಾ ತಲೆಯೆತ್ತಿದಳು.

"ಪೂಜಿ ಇಲ್ಲಿದ್ದಳಾ?"

"ಇದ್ದಳಲ್ಲ. ನನ್ನ ಜೀಪು ಓಡಿಸಿಕೊಂಡು ಬಂದದ್ದೇ ಅವಳು. ಮಾಸ್ಟ್ರಿಗೆ ಆ ಮೌಸು ಬರೋದಿಲ್ಲ. ನಾನು ಜಗಲಿಗೆ ಎದ್ದು ಬಂದೆ, ಅವಳು ಕೂತು ಪುಟ ತೆಗೆದುಕೊಟ್ಟಳು. ಎಲ್ಲ ಮುಗಿದ ಮೇಲೆ ಆಫ್ ಮಾಡಿ ಬೀಗ ಹಾಕಿದ್ದೂ ಅವಳೇ."

ಅಪ್ಪ ಎದ್ದು ಹೊರಗೆ ಹೋಗಬೇಕೆಂಬ ಕ್ರಮವಿತ್ತು. ಮಗಳು ಸಮಿತಿಯವಳಲ್ಲ, ಅವಳಿಗೆ ಹೋಗು ಎಂದು ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ತನ್ನದೇ ಗುಟ್ಟು ಗೆಳತಿಯ ಹೆಸರಿನಲ್ಲಿ ಗಟ್ಟಿಯಾಗಿ ಓದಿಸಿಕೊಳ್ಳುವುದನ್ನು ಅವಳು ಆ ಕಂಪ್ಯೂಟರಿನ ಮುಂದೆ ಕುಳಿತು ಕೇಳಿದ್ದಳು, ತುಟಿ ಬಿಚ್ಚಿರಲಿಲ್ಲ.

ನಾನು ಮೊಣ್ಣಪ್ಪನವರ ಕೈ ತಡೆಯಲು ಮುಂದೆ ಬಂದೆ. ತಡವಾಗಿತ್ತು. ಮಗಳ ಮಾತು ನಮಗೂ ಕೇಳಲೆಂದು ಅವರು ಸ್ಪೀಕರ್ ಹಾಕಿದ್ದರು. ಒಂದೇ ರಿಂಗಿಗೆ ಪೂಜಿತಾ ಎತ್ತಿದಳು. ಅಪ್ಪ ಬಾಯಿ ತೆರೆಯುವ ಮೊದಲೇ ಅವಳ ಮಾತು ಬಂತು.

"ಅಪ್ಪ, ಅಶ್ವಿತಂಗೆ ಟಿಸಿ ಕೊಟ್ಟ್ ಆತಾ?"

ಮೊಣ್ಣಪ್ಪ ನನ್ನ ಕಡೆ ನೋಡಿ, ನೋಡಿದಿರಾ, ಗೆಳತಿಯ ಬಗ್ಗೆ ನನ್ನ ಮಗಳಿಗೆ ಎಷ್ಟು ಚಿಂತೆ ಎನ್ನುವ ಹಾಗೆ ತಲೆಯಾಡಿಸಿದರು.

ಅಶ್ವಿತಾ ಕೈ ಚಾಚಿ ಅವರ ಕೈಯಿಂದ ಫೋನು ತೆಗೆದುಕೊಂಡಳು. ಅದನ್ನು ಬಾಯಿಯ ಹತ್ತಿರ ಹಿಡಿದಳು.

"ಇನ್ನೂ ಕೊಟ್ಟಿಲ್ಲೆ ಪೂಜಿ," ಎಂದಳು. "ನಾಳೆ."

ಆ ಕಡೆಯಿಂದ ಫೋನು ಕಟ್ಟಾಯಿತು.